ತಲೆಯೆಣ್ಣೆ ಕಲೆಯ ಗೋಡೆ

ಕೊಟ್ರೇಶ ನಾಲ್ಕು ವರ್ಷ ಪಂಪಣ್ಣ ಮೇಷ್ಟ್ರ ಕ್ಯಾಮೆರಾ ಸ್ಟ್ಯಾಂಡ್ ಹೊತ್ತ. ಸ್ಟುಡಿಯೊಕ್ಕೆ ಬಂದವರಿಗೆ ಮುಖ ತೊಳೆಯಲು ನೀರು ಕೊಟ್ಟ, ಬಾಚಣಿಗೆ ಕೊಟ್ಟ, ಪೌಡರ್ ಡಬ್ಬಿ ಹಿಡಿದು ನಿಂತ. ಐದನೆಯ ವರ್ಷದ ಒಂದು ಬೆಳಿಗ್ಗೆ ಮೇಷ್ಟ್ರು ಕ್ಯಾಮೆರಾವನ್ನೇ ಅವನ ಕೊರಳಿಗೆ ಹಾಕಿದರು.

ಹೊಳೆದಂಡೆಯ ಚಂದ್ರವಿಲಾಸ ಟಾಕೀಸಿನ ಕೆಲಸ. ಮುಚ್ಚಿ ಇಪ್ಪತ್ತು ವರ್ಷವಾಗಿದ್ದ ಆ ಟಾಕೀಸನ್ನು ಊರವರು ಸಮಿತಿ ಮಾಡಿಕೊಂಡು ಮತ್ತೆ ಮೊದಲಿನಂತೆ ಮಾಡಲು ಹೊರಟಿದ್ದರು. ರಿಪೇರಿಗೆ ಕೈ ಹಾಕುವ ಮುಂಚೆ ಒಳಗಿನ ಪ್ರತಿಯೊಂದು ಗೋಡೆಯ ಚಿತ್ರ ಬೇಕಿತ್ತು.

"ಒಬ್ಬನೇ ಹೋಗು," ಎಂದರು ಮೇಷ್ಟ್ರು. "ಹೆಂಗೈತೋ ಹಂಗೆ ತಗಂಡು ಬಾ. ಕೆಲಸ ಒಪ್ಪಿಗೆ ಆದ್ರೆ ಚಿತ್ರದ ಕೆಳಗೆ ನಿನ್ನ ಹೆಸರೇ ಇರ್ಲಿ."

"ಅಷ್ಟೇನಾ ಮೇಷ್ಟ್ರೇ?"

"ಅಷ್ಟು ಮಾಡು, ಸಾಕು."

ಇಷ್ಟು ದಿನ ಎಲ್ಲ ಚಿತ್ರಗಳ ಕೆಳಗೂ ಇದ್ದದ್ದು ಪಂಪಣ್ಣ ಎಂಬ ಹೆಸರು. ಆ ಜಾಗದಲ್ಲಿ ತನ್ನ ಹೆಸರನ್ನು ಕೊಟ್ರೇಶ ಮನಸ್ಸಿನಲ್ಲೇ ಎಷ್ಟು ಸಲ ಓದಿಕೊಂಡಿದ್ದನೋ ಅವನಿಗೇ ಲೆಕ್ಕವಿರಲಿಲ್ಲ.

ಮೇಷ್ಟ್ರು ಹೊಳೆಯ ಮೆಟ್ಟಿಲ ಮೇಲೆ, ಹೊಂಗೆ ಮರದ ನೆರಳಲ್ಲಿ ಕೂತರು. ಶಿಷ್ಯ ಒಳಗೆ ಹೋದ.

ಹೋದವನು ಬಾಯಿ ತೆರೆದು ನಿಂತ. ಪರದೆಯ ಎರಡೂ ಕಡೆ ಗಾರೆಯ ನವಿಲುಗಳು ಕತ್ತು ಚಾಚಿದ್ದವು. ಚಾವಣಿಯ ನಡುವೆ ಬಂಗಾರದ ಬಣ್ಣದ ದೊಡ್ಡ ತಾವರೆ. ಅದರ ಎರಡು ಎಸಳು ಉದುರಿದ ಕಡೆ ಪಾರಿವಾಳಗಳು ಸಂಸಾರ ಹೂಡಿದ್ದವು. ಅರಮನೆ ಎಂದರೆ ಅರಮನೆಯೇ. ಕೊಟ್ರೇಶ ಖುಷಿಯಿಂದ ಒಂದೊಂದೇ ಚಿತ್ರ ತೆಗೆಯುತ್ತಾ ಬಂದ.

ಕೊನೆಗೆ ಉಳಿದದ್ದು ಹೆಂಗಸರ ವಿಭಾಗ. ಅಡ್ಡಗೋಡೆಯ ಆಚೆ ಒಂದು ಖಾಲಿ ಜಾಗ, ಹಿಂದೊಂದು ಗೋಡೆ. ಗೋಡೆಯ ಉದ್ದಕ್ಕೂ ಎದೆಮಟ್ಟದಲ್ಲಿ ಕಪ್ಪು ಜಿಡ್ಡಿನ ಕಲೆಗಳು.

ಅವನಿಗೆ ಸ್ಟುಡಿಯೊ ನೆನಪಾಯಿತು. ಮುಖ ತೊಳೆಯದೆ ಯಾರಾದರೂ ಫೋಟೋಕ್ಕೆ ಕೂರುತ್ತಾರೆಯೇ? ಇಂಥ ಅರಮನೆಯಂಥ ಟಾಕೀಸು ಜಿಡ್ಡು ಮುಖದಲ್ಲಿ ನಿಂತರೆ ತನ್ನ ಹೆಸರಿಗೇ ಅವಮಾನವಲ್ಲವೇ?

ಹಿಂದಿನ ಬಾಗಿಲಿನಿಂದ ಹೊಳೆಗಿಳಿದು ಎರಡು ಕೊಡ ನೀರು ತಂದ. ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದ. ಒದ್ದೆ ಗೋಡೆಯೆಲ್ಲ ಒಂದೇ ಬಣ್ಣವಾಯಿತು. ಚಿತ್ರ ತೆಗೆದು, ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆಗ ರಿಪೇರಿಯ ಹೊಣೆ ಹೊತ್ತಿದ್ದ ಎಂಜಿನಿಯರ್ ವಾಗ್ದೇವಿ ಬಂದರು.

"ಈ ಗೋಡೆಗೆ ಹತ್ತಿಕೊಂಡು ಒಂದು ಸಾಲು ಬೆಂಚಿತ್ತಂತೆ ಕೊಟ್ರೇಶ್. ಊರಿನ ಅಜ್ಜಿಯರೆಲ್ಲ ಹೇಳ್ತಾರೆ. ಸಮಿತಿಯವರು ಬರೀ ಬಾಯಿಮಾತು ಒಪ್ಪಲ್ಲ. ಗುರುತಿದ್ದರೆ ಇಲ್ಲಿ ಮತ್ತೆ ಬೆಂಚು, ಇಲ್ಲದಿದ್ದರೆ ಪಾಪ್‌ಕಾರ್ನ್ ಅಂಗಡಿ."

"ಎಂಥಾ ಗುರುತು ಮೇಡಂ?"

"ತಲೆಯೆಣ್ಣೆ ಕಲೆ. ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಂದವರು ಗೋಡೆಗೆ ತಲೆ ಒರಗಿಸಿ ಕೂತಿರ್ತಾರಲ್ಲ. ಕಲೆ ಎಷ್ಟು ಎತ್ತರದಲ್ಲಿದೆ ಅಂತ ನೋಡಿದರೆ ಬೆಂಚಿನ ಎತ್ತರವೂ ಸಿಗುತ್ತೆ. ನಿಮ್ಮ ಕಣ್ಣಿಗೇನಾದರೂ ಬಿತ್ತಾ?"

ಕೊಟ್ರೇಶ ತೆಂಗಿನ ನಾರನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಇಲ್ಲ ಮೇಡಂ."

"ಗೋಡೆ ಯಾಕೆ ಒದ್ದೆಯಾಗಿದೆ?"

"ಸೋರಿರಬೇಕು ಮೇಡಂ."

ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಕಾಯುತ್ತಿತ್ತು. ವಾಗ್ದೇವಿ ಒಮ್ಮೆ ಚಾವಣಿಯತ್ತ ನೋಡಿ, ಬಾಲ್ಕನಿಯ ಮೆಟ್ಟಿಲು ಹತ್ತಿದರು.

ಕೊಟ್ರೇಶ ಹೊಳೆದಂಡೆಗೆ ಓಡಿದ. ನಡೆದದ್ದನ್ನೆಲ್ಲ ಮೇಷ್ಟ್ರಿಗೆ ಹೇಳಿದ.

"ಎಷ್ಟು ನೀರು ಹಾಕ್ದೆ?" ಎಂದು ಕೇಳಿದರು ಮೇಷ್ಟ್ರು.

"ಎರಡು ಕೊಡ."

"ಸೋಪು?"

"ಹಾಕ್ದೆ ಮೇಷ್ಟ್ರೇ. ಚೆನ್ನಾಗಿ ಉಜ್ಜಿದೆ. ನನ್ನಿಂದ ಆ ಅಜ್ಜಿಯರ ಬೆಂಚೇ ಹೋಯ್ತು. ಮೇಲೆ ಸುಳ್ಳು ಬೇರೆ ಹೇಳ್ದೆ."

"ಕೈ ತೊಳ್ಕೊ. ಊಟ ಮಾಡಾನ."

ಮೇಷ್ಟ್ರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕೊಟ್ರೇಶನಿಗೆ ತುತ್ತು ಇಳಿಯಲಿಲ್ಲ. ಮೇಷ್ಟ್ರು ಮಾತ್ರ ಮೂರು ರೊಟ್ಟಿ ತಿಂದು, ಬಟ್ಟಲಿಗೆ ಅಂಟಿದ್ದ ಚಟ್ನಿಯನ್ನೂ ಬೆರಳಿನಿಂದ ಬಳಿದುಕೊಂಡರು.

ಆಮೇಲೆ ಇಬ್ಬರೂ ಒಳಗೆ ಹೋದರು. ಮೇಷ್ಟ್ರು ಹೊಳೆಯ ಕಡೆಯ ಬಾಗಿಲುಗಳನ್ನೆಲ್ಲ ತೆರೆಸಿ, ಆ ಗೋಡೆಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಏನು ಮಾಡ್ಬೇಕು ಮೇಷ್ಟ್ರೇ?"

"ಸಿನಿಮಾ ನೋಡು."

ಗಾಳಿ ಬೀಸುತ್ತಿತ್ತು. ಗೋಡೆ ಅಂಚಿನಿಂದ ಒಣಗುತ್ತಾ ಬೆಳ್ಳಗಾಗುತ್ತಾ ಬಂತು. ಕಂಬದ ಪಕ್ಕದಲ್ಲಿ ಹಪ್ಪಳದಗಲದ ಒಂದು ಜಾಗ ಮಾತ್ರ ಬೆಳ್ಳಗಾಗಲಿಲ್ಲ. ಅದರ ಪಕ್ಕ ಇನ್ನೊಂದು. ಆಮೇಲೆ ಮತ್ತೊಂದು.

ಒಂದು ಗಂಟೆಯೊಳಗೆ ಸಾಲಿಗೆ ಸಾಲೇ ವಾಪಸು ಬಂದು ಕೂತಿತ್ತು. ದೊಡ್ಡ ಕಲೆಗಳ ನಡುನಡುವೆ, ಒಂದು ಗೇಣು ಕೆಳಗೆ, ಪುಟ್ಟ ಪುಟ್ಟ ಕಲೆಗಳು. ತಾಯಂದಿರ ಪಕ್ಕ ಕೂತಿದ್ದ ಮಕ್ಕಳವು. ಕೊಟ್ರೇಶನಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ನಿಮಗೆ ಮೊದ್ಲೇ ಗೊತ್ತಿತ್ತಾ ಮೇಷ್ಟ್ರೇ?"

"ಐವತ್ತು ವರ್ಷ ಎಣ್ಣೆ ಕುಡಿದಿರೋ ಗೋಡೆ. ನಿನ್ನ ಎರಡು ಕೊಡ ನೀರಿಗೆ ಬಿಟ್ಟುಕೊಡುತ್ತಾ?"

"ಬರದೇ ಹೋಗಿದ್ರೆ?"

"ಆವಾಗ್ಲೂ ಊಟ ಮಾಡ್ತಿದ್ದೆ."

ಕೊಟ್ರೇಶ ಎದ್ದು ಕ್ಯಾಮೆರಾ ಎತ್ತಿದ. "ನಾನು ಬದುಕ್ದೆ ಮೇಷ್ಟ್ರೇ! ಇನ್ನು ಯಾರಿಗೂ ಏನೂ ಗೊತ್ತಾಗಲ್ಲ."

ಮೇಷ್ಟ್ರು ಎದ್ದು ಬಂದು ಲೆನ್ಸಿಗೆ ಅಂಗೈ ಅಡ್ಡ ಹಿಡಿದರು.

"ಮೊದ್ಲು ಮೇಡಮ್ಮನ್ನ ಕರಿ."

"ಏನಂತ ಹೇಳ್ಲಿ?"

"ಹೆಂಗೈತೋ ಹಂಗೆ."

ಕೊಟ್ರೇಶ ಬಾಲ್ಕನಿಗೆ ಹೋಗಿ ಹೇಳಿದ. ಹೇಳುವಾಗ ಕಿವಿಯೆಲ್ಲ ಬಿಸಿಯಾಗಿತ್ತು. ನೀರು, ಸೋಪು, ನಾರು, ಸುಳ್ಳು, ಒಂದನ್ನೂ ಬಿಡಲಿಲ್ಲ.

ವಾಗ್ದೇವಿ ನಕ್ಕುಬಿಟ್ಟರು. "ಈ ಬಿಸಿಲಲ್ಲಿ ಯಾವ ಚಾವಣಿ ಸೋರುತ್ತೆ ಅಂತ ಆಗಿನಿಂದ ಹುಡುಕ್ತಾ ಇದ್ದೀನಿ ಮಾರಾಯ್ರೇ! ಬನ್ನಿ, ಇಟ್ಟಿಗೆ ತನ್ನಿ."

ಕೊಟ್ರೇಶ ಗೋಡೆಯ ಬುಡದಲ್ಲಿ ಇಟ್ಟಿಗೆ ಜೋಡಿಸಿದ. ಅವರು ಕೂತು ನೋಡಿದರು. ಕಲೆ ತಲೆಗಿಂತ ಮೇಲಿತ್ತು. ಮೇಲೆ ಇನ್ನೊಂದು ಸಾಲು ಇಟ್ಟ. ಮತ್ತೊಂದು. ಕೊನೆಗೆ ಅವರು ಹಿಂದಕ್ಕೆ ಒರಗಿದಾಗ ತಲೆ ಸರಿಯಾಗಿ ಆ ಕಂಬದ ಪಕ್ಕದ ಕಲೆಗೆ ಹೋಗಿ ತಾಗಿತು. ವಾಗ್ದೇವಿ ಸ್ವಲ್ಪ ಹೊತ್ತು ಏಳಲೇ ಇಲ್ಲ. ಎದುರಿನ ಹರಿದ ಪರದೆಯನ್ನೇ ನೋಡುತ್ತಾ ಕೂತಿದ್ದರು.

"ಇಲ್ಲಿಂದ ಚೆನ್ನಾಗಿ ಕಾಣುತ್ತೆ," ಎಂದರು.

ಕೊಟ್ರೇಶ ಹಾಗೇ ಚಿತ್ರ ತೆಗೆದ.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತು ಮೇಷ್ಟ್ರು ಕ್ಯಾಮೆರಾದಲ್ಲಿ ಎಲ್ಲವನ್ನೂ ನೋಡಿದರು. ನವಿಲು ನೋಡಿ ತಲೆದೂಗಿದರು. ತಾವರೆ ನೋಡಿದರು. ಕಲೆಗಳ ಸಾಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಹೆಸರು ಹಾಕ್ಕೊ," ಎಂದರು.

ಕೊಟ್ರೇಶ ಬಗ್ಗಿ ಅವರ ಕಾಲು ಮುಟ್ಟಿದ. ಅವನ ಮನಸ್ಸು ತುಂಬಿ ಬಂದಿತ್ತು. ಆದರೂ ಒಂದು ಮುಳ್ಳು ಉಳಿದಿತ್ತು. ಬೆಳಿಗ್ಗೆ ತೆಗೆದ ಆ ಒದ್ದೆ ಗೋಡೆ, ಒಂದು ಕಲೆಯೂ ಇಲ್ಲದ್ದು, ಇನ್ನೂ ಕ್ಯಾಮೆರಾದೊಳಗೇ ಇತ್ತು.

"ಮೇಷ್ಟ್ರೇ, ಆ ಒಂದನ್ನ ಅಳಿಸಿಬಿಡ್ಲಾ?"

ಮೇಷ್ಟ್ರು ಕ್ಯಾಮೆರಾವನ್ನು ಮತ್ತೆ ಅವನ ಕೊರಳಿಗೆ ಹಾಕಿದರು.

"ಬೇಡ. ಅದರ ಕೆಳಗೂ ನಿನ್ನ ಹೆಸರೇ ಹಾಕು."