ತೂಬಿನ ಮೇಲೆ ಕೂತವಳು

“ಗುರುಗಳೇ, ಇನ್ನು ನನಗೇನು ಬೆಲೆ?”

ಕೇಳಿದವನು ಅಡಿವೆಪ್ಪ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಅವನು ಪ್ರಾಜೆಕ್ಟ್ ಮ್ಯಾನೇಜರ್. ಯಾವ ಕೆಲಸ ಯಾವಾಗ ಆಗಬೇಕು, ಯಾರಿಂದ ಆಗಬೇಕು ಎಂದು ಗೊತ್ತುಮಾಡಿ ಮಾಡಿಸುವವನು. ಈಗ ಎಐ ಬಂದಿತ್ತು. ವೇಳಾಪಟ್ಟಿ, ವರದಿ, ಪತ್ರ, ಸಭೆಯ ಟಿಪ್ಪಣಿ ಎಲ್ಲವನ್ನೂ ಅದೇ ಬರೆಯುತ್ತಿತ್ತು. ಅದನ್ನು ಬಳಸಲು ಕಲಿಯದವರಿಗೆ ಜಾಗವಿಲ್ಲ ಎಂದು ಕಂಪನಿ ಹೇಳಿತ್ತು.

“ಕಲಿಯದಿದ್ದರೆ ಹೊರಗೆ ಹಾಕುತ್ತಾರೆ. ಕಲಿತು ನನ್ನ ಕೆಲಸವನ್ನೆಲ್ಲ ಅದಕ್ಕೆ ಒಪ್ಪಿಸಿದರೆ, ಆಗಲೂ ಹೊರಗೇ. ನಾನು ಏನು ಮಾಡಲಿ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗುತ್ತಿಗೆದಾರ ಹಳೆಯ ಕಾಲುವೆಯೊಂದರ ದುರಸ್ತಿ ಹಿಡಿದಿದ್ದ. ಕಾಲುವೆ ಹತ್ತಾರು ಮೈಲಿ ಉದ್ದ. ನಡುವೆ ಒಂದು ಗುಡ್ಡದೊಳಗೆ ಸುರಂಗವಾಗಿ ಹರಿಯುತ್ತಿತ್ತು. ಹೂಳು ತೆಗೆದು, ಬಿದ್ದ ಗೋಡೆ ಕಟ್ಟಿ, ಗೊತ್ತುಮಾಡಿದ ದಿನ ತೂಬು ತೆರೆದು ನೀರು ಬಿಡಬೇಕು. ಕೆಲಸ ನೋಡಿಕೊಳ್ಳಲು ಅವನ ಬಳಿ ಒಬ್ಬ ಮೇಲ್ವಿಚಾರಕಿ ಇದ್ದಳು.

ಎಐಯಂಥದೇ ಒಂದು ಬರೆಯುವ ಯಂತ್ರವನ್ನು ಅಲ್ಲಿಗೆ ತಂದವಳು ಅವಳೇ. ಯಾರೂ ಹೇಳಿರಲಿಲ್ಲ. ತಾನೇ ಹಟ ಹಿಡಿದು ಒಂದು ತಿಂಗಳು ಕೂತು ಕಲಿತಳು. ಮೇಸ್ತ್ರಿಗಳು ಸಂಜೆ ಫೋನಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಯಂತ್ರ ಅದನ್ನು ವರದಿಯಾಗಿ ಬರೆದು ಮರುದಿನದ ಕೆಲಸವನ್ನೂ ಹಂಚುತ್ತಿತ್ತು. ಮೊದಲು ಅರ್ಧ ದಿನ ತಿನ್ನುತ್ತಿದ್ದ ಕೆಲಸ ಈಗ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಉಳಿದ ಹೊತ್ತು ಅವಳು ಕಾಲುವೆಯ ಉದ್ದಕ್ಕೂ ನಡೆಯುತ್ತಿದ್ದಳು.

ಯಂತ್ರಕ್ಕೆ ಅವಳು ಒಂದು ಅಪ್ಪಣೆ ಮಾಡಿದ್ದಳು. ಅವರು ಆಡಿದ್ದನ್ನು ಆಡಿದಂತೆಯೇ ಬರೆ, ಗೊಣಗಿದ್ದನ್ನೂ ಬಿಡಬೇಡ. ಹಾಗಾಗಿ ವರದಿ ಉದ್ದವಾಗಿರುತ್ತಿತ್ತು. ಸುರಂಗದ ಮೇಸ್ತ್ರಿಯದಂತೂ ಇನ್ನೂ ಉದ್ದ. ಸಲಿಕೆ ಸರಿಯಿಲ್ಲ, ಊಟ ತಡ, ಗಾಳಿ ಇಲ್ಲ ಎಂದು ಎರಡು ದೂರಾದರೂ ಹೇಳದೆ ಆ ಮನುಷ್ಯ ಮಾತು ಮುಗಿಸಿದ್ದಿಲ್ಲ.

ಕೆಲಸ ಮುಕ್ಕಾಲು ಆದಾಗ ಗುತ್ತಿಗೆದಾರ ಅವಳನ್ನು ಕರೆದ.

“ಬರೆಯುವುದು ಅದು, ಹಂಚುವುದು ಅದು. ನೀವು ಮಾಡುವುದೇನು?”

“ನಾನು ಕೇಳಿಸಿಕೊಳ್ಳುತ್ತೇನೆ.”

“ಅದನ್ನೂ ಅದೇ ಮಾಡುತ್ತಿದೆಯಲ್ಲಮ್ಮ.”

ಅವನು ಅವಳನ್ನು ಕೆಲಸದಿಂದ ಬಿಡಿಸಿದ. ಅವಳು ಅಳಲಿಲ್ಲ. ಸಿಟ್ಟು ಬಂದಿತ್ತು. ಮೂರು ದಿನ ಅವಳ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು. ನಾನು ತಂದ ಯಂತ್ರವನ್ನೇ ತೋರಿಸಿ ನನ್ನನ್ನು ಕಳಿಸಿದನಲ್ಲ ಎಂದು ಒಳಗೇ ಕುದಿದಳು.

ಗುತ್ತಿಗೆದಾರ ತಾನೇ ಯಂತ್ರದ ಮುಂದೆ ಕೂತ. ಉದ್ದದ ವರದಿ ಓದಿ ಅವನಿಗೆ ಬೇಸರವಾಯಿತು. ಒಬ್ಬೊಬ್ಬರದು ಎರಡೇ ಸಾಲಿನಲ್ಲಿ ಹೇಳು, ದೂರು ಬೇಡ ಎಂದು ಅಪ್ಪಣೆ ಬದಲಿಸಿದ. ಯಂತ್ರ ಒಪ್ಪಿಕೊಂಡಿತು. ಅಂದಿನಿಂದ ವರದಿಗಳು ಅಚ್ಚುಕಟ್ಟಾದವು.

ಆದರೆ ವರದಿ ಹೋಗುವ ಪಟ್ಟಿಯಿಂದ ಅವಳ ಹೆಸರು ತೆಗೆಯಲು ಅವನು ಮರೆತಿದ್ದ. ನೀರು ಬಿಡುವ ದಿನದ ಹಿಂದಿನ ಸಂಜೆ ಅವಳ ಫೋನಿಗೂ ವರದಿ ಬಂತು. ಅದರಲ್ಲಿ ಹೀಗಿತ್ತು: ಸುರಂಗದ ಕೆಲಸ ಮುಗಿದಿದೆ. ತೊಂದರೆ ಏನೂ ಇಲ್ಲ.

ಅವಳು ಅದನ್ನು ಮೂರು ಸಲ ಓದಿದಳು. ಆ ಮೇಸ್ತ್ರಿ, ತೊಂದರೆ ಏನೂ ಇಲ್ಲ ಎನ್ನುವುದೆಂದರೇನು? ಫೋನ್ ಮಾಡಿದಳು. ಸಿಗಲಿಲ್ಲ. ಅವನು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಮಾತಾಡಿ ಇಳಿದ ಮೇಲೆ ಅವನ ಫೋನ್ ಎಂದೂ ಸಿಗುತ್ತಿರಲಿಲ್ಲ. ಗುತ್ತಿಗೆದಾರನಿಗೆ ಮಾಡಿದಳು. “ವರದಿ ನನ್ನ ಹತ್ತಿರವೂ ಇದೆ” ಎಂದು ಹೇಳಿ ಅವನು ಇಟ್ಟುಬಿಟ್ಟ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದಳು. ಇಳಿದಾಗ ಸುರಂಗದವರೆಗೆ ಹೋಗುವಷ್ಟು ಹೊತ್ತಿರಲಿಲ್ಲ. ನೇರವಾಗಿ ತೂಬಿಗೆ ಬಂದಳು. ಅಲ್ಲಿ ಜನ ಸೇರಿದ್ದರು. ಹೂವು, ಕಾಯಿ, ಕರ್ಪೂರ ಸಿದ್ಧವಾಗಿತ್ತು. ಬಾಗಿಲು ಎತ್ತುವ ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ಅವಳು ಯಾರಿಗೂ ಏನೂ ಹೇಳದೆ ಮೆಟ್ಟಿಲು ಹತ್ತಿ, ಚಕ್ರದ ಅರಗಳ ನಡುವೆ ಎರಡೂ ತೋಳು ತೂರಿಸಿ ತೂಬಿನ ಮೇಲೆ ಕೂತುಬಿಟ್ಟಳು.

ಗುತ್ತಿಗೆದಾರನ ಮುಖ ಕೆಂಪಾಯಿತು. “ಈಗ ಇಲ್ಲಿ ನೀವು ಯಾರಮ್ಮ?”

“ಯಾರೂ ಅಲ್ಲ. ಸುರಂಗದ ಮೇಸ್ತ್ರಿ ನನ್ನ ಕಣ್ಣೆದುರು ಬಂದು ನಿಲ್ಲುವವರೆಗೆ ಇದು ತಿರುಗುವುದಿಲ್ಲ.”

“ಕೆಲಸ ಮುಗಿದಿದೆ ಎಂದು ಬರೆದಿದೆ!”

“ಹಾಗಾದರೆ ಬರುತ್ತಾನೆ. ಕರೆಸಿ.”

ಜನ ನಕ್ಕರು. ಯಾರೋ ಪೊಲೀಸರನ್ನು ಕರೆಯಿರಿ ಎಂದರು. ಪೂಜೆಯ ಹೊತ್ತು ಮೀರುತ್ತಿದೆ ಎಂದು ಇಬ್ಬರು ಅವಳ ತೋಳು ಹಿಡಿದು ಎಳೆದರು. ಬಳೆ ಒಡೆದು ಮೊಣಕೈ ಕೊಯ್ದಿತು. ಅವಳು ಬಿಡಲಿಲ್ಲ. ತನ್ನ ಅನುಮಾನ ಸುಳ್ಳಾದರೆ ಇಷ್ಟು ಜನರ ಮುಂದೆ ತಲೆ ಎತ್ತುವ ಹಾಗಿರಲಿಲ್ಲ. ಆದರೂ ಬಿಡಲಿಲ್ಲ. ಕೊನೆಗೆ ಗುತ್ತಿಗೆದಾರ ಸಿಟ್ಟಿನಿಂದಲೇ ಒಬ್ಬನನ್ನು ಬೈಕಿನಲ್ಲಿ ಅಟ್ಟಿದ.

ಒಂದು ಗಂಟೆಯ ಮೇಲೆ ಮೇಸ್ತ್ರಿ ಬಂದ. ಸೊಂಟದವರೆಗೆ ಕೆಸರು. ಬಂದವನೇ ಕೂಗಾಡಿದ.

“ನಿನ್ನೆ ನಾನು ಹೇಳಿದ್ದೇನು? ಕೆಲಸ ಮುಗಿದ ಹಾಗೇ ಅಂತ ಇಟ್ಟುಕೊಳ್ಳಿ, ಆದರೆ ಒಂದು ಕಡೆ ಗೋಡೆ ಜರಿದಿದೆ, ಒಳಗೆ ಒಂಬತ್ತು ಜನ ಇದ್ದೇವೆ, ನಾನು ಬಂದು ಹೇಳುವವರೆಗೆ ತೂಬು ಮುಟ್ಟಬೇಡಿ ಅಂದಿದ್ದೆ. ಉಳಿದವರು ಇನ್ನೂ ಒಳಗೇ ಇದ್ದಾರೆ. ಇಲ್ಲಿ ನೋಡಿದರೆ ಕಾಯಿ ಒಡೆಯಲು ನಿಂತಿದ್ದೀರಲ್ಲ!”

ಯಂತ್ರ ಎರಡು ಸಾಲು ಕೇಳಿದವನಿಗೆ ಎರಡು ಸಾಲು ಕೊಟ್ಟಿತ್ತು. ದೂರು ಬೇಡ ಎಂದವನಿಗೆ ‘ಆದರೆ’ಯಿಂದ ಮುಂದಿನದನ್ನೆಲ್ಲ ಬಿಟ್ಟಿತ್ತು.

ಯಾರೂ ನಗಲಿಲ್ಲ. ಗುತ್ತಿಗೆದಾರ ಮೆಟ್ಟಿಲು ಹತ್ತಿ ಅವಳ ಬಳಿ ಹೋಗಿ, “ನಾಳೆಯಿಂದ ಕೆಲಸಕ್ಕೆ ಬನ್ನಿ” ಎಂದ.

ಅವಳು ಮೊಣಕೈಯ ರಕ್ತ ಒರೆಸಿಕೊಂಡು ಹೇಳಿದಳು. “ವರದಿ ಬರೆಯಲು ಕರೆಯುತ್ತಿದ್ದರೆ ಬರುವುದಿಲ್ಲ, ಅದನ್ನು ಯಂತ್ರವೇ ಬರೆಯಲಿ. ನನಗೆ ಬೇಡ ಅನ್ನಿಸಿದಾಗ ನಿಮ್ಮನ್ನೂ ತಡೆಯುವ ಅಧಿಕಾರ ಕೊಡುತ್ತೀರಾದರೆ ಬರುತ್ತೇನೆ.”

ಗುತ್ತಿಗೆದಾರನಿಗೆ ಅದು ಹಿತವಾಗಲಿಲ್ಲ. ಆದರೂ ಎಲ್ಲರೆದುರು ಹೂಂ ಎಂದ. ಅವಳು ಮೊದಲು ಯಂತ್ರಕ್ಕೆ ತನ್ನ ಹಳೆಯ ಅಪ್ಪಣೆಯನ್ನೇ ಮತ್ತೆ ಕೊಟ್ಟಳು. ಆಮೇಲೆ ಸುರಂಗಕ್ಕೆ ನಡೆದಳು. ಮೂರನೆಯ ದಿನ, ಒಂಬತ್ತು ಜನರನ್ನೂ ದಂಡೆಯ ಮೇಲೆ ಎಣಿಸಿ ನಿಲ್ಲಿಸಿದ ಮೇಲೆ, ತೂಬು ತೆರೆಯಿತು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಮುಖ ಅರಳಿತ್ತು.

“ತಿಳಿಯಿತು ಗುರುಗಳೇ. ಯಂತ್ರವನ್ನು ಕಲಿತಿದ್ದರಿಂದಲೇ ಅದು ಏನನ್ನು ಬಿಡಬಲ್ಲದು ಎಂದು ಅವಳಿಗೆ ಗೊತ್ತಾಯಿತು. ನಾನೂ ಕಲಿಯುತ್ತೇನೆ. ಆಮೇಲೆ ನನ್ನ ಬೆಲೆ ಯಾರೂ ಕಳೆಯಲಾರರು, ಅಲ್ಲವೇ?”

ಗುರುಗಳು ಅವನನ್ನೇ ನೋಡುತ್ತ ಕೇಳಿದರು.

“ಅದಿರಲಿ, ಇಷ್ಟು ವರ್ಷದಲ್ಲಿ ನಿನ್ನ ಧಣಿಯ ಎದುರು ನೀನು ಎಷ್ಟು ಸಲ ‘ಆಗದು’ ಎಂದಿದ್ದೀಯೆ?”