ಬಾಲಗಾಡಿಯ ದೊಡ್ಡ ಬಿಲ್ಲೆ

"ನನ್ನ ಮನೆಗಾಡಿಯಂಥದ್ದು ಆ ಇಂದ್ರನ ಹತ್ತಿರವೂ ಇಲ್ಲ!" ಎಂದು ಹುಲಿಗುಡ್ಡದ ದೊರೆ ಗಿರಿಯಪ್ಪನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಇಂದ್ರನಿಗೆ ಅದು ಬೇಕಾಗಿಯೂ ಇರಲಿಲ್ಲ ಬಿಡಿ. ಎಂಟೆತ್ತು ಎಳೆಯುವ ಗಾಡಿ, ಅದರ ಮೇಲೆ ಮಲಗುವ ಕೋಣೆ, ತೂಗುಮಂಚ, ನಿಲುವುಗನ್ನಡಿ. ಅದರ ಹಿಂದೆ ಕಬ್ಬಿಣದ ಕೊಂಡಿಗೆ ಸಿಕ್ಕಿಸಿದ ಬಾಲಗಾಡಿ, ಅದರೊಳಗೆ ಅಡುಗೆಮನೆ. ಮುಂದೆ ದೊರೆ ಗೊರಕೆ ಹೊಡೆಯುತ್ತಿದ್ದರೆ ಹಿಂದೆ ಪಾಯಸ ಕುದಿಯುತ್ತಿತ್ತು.

ಇಂಥ ಗಾಡಿಯ ಎದುರಿಗೆ ಕಂಡಕಂಡವರೆಲ್ಲ ಬಾಲಗಾಡಿ ಕಟ್ಟಿಕೊಂಡು ಬಂದರೆ ದೊರೆಯ ಮರ್ಯಾದೆ ಏನಾಗಬೇಕು? ರಾಣಿಯ ತಮ್ಮ ಸಿಂಗಪ್ಪ ಅದಕ್ಕೊಂದು ಕಾನೂನು ಮಾಡಿಸಿದ. ರಾಣಿಯ ತಮ್ಮ ಆಗಿರುವುದೇ ಅವನು ಕಲಿತ ಏಕೈಕ ವಿದ್ಯೆ.

ಒಂಟೆತ್ತಿನ ಗಾಡಿ ಹೊಡೆಯಲು ಒಂದು ತಾಮ್ರದ ಬಿಲ್ಲೆ, ಜೋಡೆತ್ತಿಗೆ ಇನ್ನೊಂದು. ಗಾಡಿಯಲ್ಲೇ ಮನೆ ಮಾಡಿಕೊಂಡು, ಹಿಂದೆ ಬಾಲಗಾಡಿಯನ್ನೂ ಕಟ್ಟಿದರೆ ದೊಡ್ಡ ಬಿಲ್ಲೆಯೇ ಬೇಕು. ಅದನ್ನು ಪಡೆಯಬೇಕಾದರೆ ಬಾಲದ ಸಮೇತ ಗಾಡಿಯನ್ನು ಕೋಟೆ ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಹಿಂದುಹಿಂದಕ್ಕೇ ನಡೆಸಬೇಕು. ಬಾಲ ಸೊಟ್ಟಗಾಯಿತೋ, ಸೋತಂತೆ. ಬಿಲ್ಲೆಯಿಲ್ಲದೆ ಹೊಡೆದವರ ಗಾಡಿ, ಎತ್ತು ಎರಡೂ ಹರಾಜು.

ಒಬ್ಬರೂ ಗೆಲ್ಲಲಿಲ್ಲ. ದೊರೆಯ ಸ್ವಂತ ಗಾಡಿಯಾಳೇ ಸೋತ. ದೊಡ್ಡ ಬಿಲ್ಲೆ ಇದ್ದದ್ದು ಸಿಂಗಪ್ಪನ ಎದೆಯ ಮೇಲೆ ಮಾತ್ರ. ಅವನು ಪರೀಕ್ಷೆ ಕೊಟ್ಟಿರಲಿಲ್ಲ, ತಾನೇ ಮಾಡಿಸಿ ತಾನೇ ಸಿಕ್ಕಿಸಿಕೊಂಡಿದ್ದ.

ಒಂದು ಬೆಳಿಗ್ಗೆ ತೊಗಲುಗೊಂಬೆ ಆಡಿಸುವ ಹೊನ್ನೂರವ್ವ ಆಸ್ಥಾನದ ವಿದೂಷಕ ಭರಮಯ್ಯನ ಮನೆ ಬಾಗಿಲಿಗೆ ಬಂದು ಅತ್ತುಬಿಟ್ಟಳು.

"ಅಯ್ಯಾ, ಆ ಗಾಡೀನೇ ನಮ್ಮನೆ. ಬಾಲಗಾಡೀಲಿ ನನ್ನ ಗೊಂಬೆಗಳವೆ. ದೊಡ್ಡ ಬಿಲ್ಲೆ ಇಲ್ಲಾಂತ ಎಲ್ಲಾನೂ ಎಳ್ಕೊಂಡೋದ್ರು. ನಾಳೆ ಹರಾಜಂತೆ. ನಾನೆಲ್ಲಿಗೋಗ್ಲಿ?"

ಭರಮಯ್ಯ ನೇರ ದೊರೆಯ ಹತ್ತಿರ ಓಡಿದ. ದೊರೆ ಕಿವಿ ಕೆರೆದುಕೊಂಡ. "ನಾನೇನಯ್ಯಾ ಮಾಡ್ಲಿ? ಕಾನೂನು ಸಿಂಗಪ್ಪಂದು. ಅವನಿಗೆ ಬೇಜಾರಾದ್ರೆ ರಾಣಿ ಮೂರು ದಿನ ಮಾತಾಡಲ್ಲ."

ಭರಮಯ್ಯ ಮತ್ತೆ ಆ ಮಾತೆತ್ತಲಿಲ್ಲ. "ಹೋಗ್ಲಿ ಬಿಡಿ ಮಹಾಸ್ವಾಮಿ. ಅಂದಹಾಗೆ, ಕುಂಬಾರಗೇರಿಯವರು ಏನಂತಿದಾರೆ ಗೊತ್ತಾ? ಮನೆಗಾಡಿ ಅನ್ನೋದೇ ಬರೀ ಬುರುಡೆಯಂತೆ. ಅವರು ಕಣ್ಣಾರೆ ಕಂಡಿಲ್ಲವಂತೆ."

"ಬುರುಡೆಯಾ? ಈಗಲೇ ತೋರಿಸ್ತೀನಿ! ಕಟ್ರೋ ಎತ್ತು!"

"ಹೊಡೆಯೋರು ಬಿಲ್ಲೆ ಇದ್ದೋರೇ ಆಗ್ಬೇಕಲ್ಲ," ಎಂದ ಭರಮಯ್ಯ, ಆಗತಾನೇ ಒಳಬಂದ ಸಿಂಗಪ್ಪನ ಕಡೆ ನೋಡುತ್ತ.

ಸಿಂಗಪ್ಪ ಬೆವೆತ. ಆದರೆ ಎದೆಯ ಮೇಲಿನ ಬಿಲ್ಲೆ ಫಳಫಳ ಹೊಳೆಯುತ್ತಿತ್ತಲ್ಲ, ಇಲ್ಲ ಅನ್ನುವುದು ಹೇಗೆ? ಹತ್ತಿ ಕೂತ. ಮುಂದಕ್ಕೆ ಹೋಗುವುದಕ್ಕೇನು, ಎತ್ತುಗಳಿಗೇ ಗೊತ್ತಿತ್ತು. ಜನ ಜೈಕಾರ ಹಾಕಿದರು. ದೊರೆ ಕಿಟಕಿಯಿಂದ ಕೈಬೀಸಿದ. ಗಾಡಿ ಕುಂಬಾರಗೇರಿಯ ಕಿರಿದಾದ ಓಣಿಯೊಳಗೆ ಹೊಕ್ಕು ಹೊಕ್ಕು, ಕೊನೆಗೆ ಕೋಟೆಗೋಡೆಗೆ ಎತ್ತಿನ ಮೂತಿ ತಾಗಿಸಿಕೊಂಡು ನಿಂತಿತು. ಅಲ್ಲಿಂದ ಮುಂದೆ ದಾರಿಯೇ ಇರಲಿಲ್ಲ.

"ಈಗ ಹಿಂದಕ್ಕೆ ನಡೆಸಪ್ಪಾ," ಎಂದ ದೊರೆ.

ಸಿಂಗಪ್ಪ ಹಗ್ಗ ಜಗ್ಗಿದ. ಎತ್ತುಗಳು ಒಂದು ಹೆಜ್ಜೆ ಹಿಂದಿಟ್ಟವು. ಬಾಲಗಾಡಿ ಸೊಟ್ಟಗೆ ತಿರುಗಿ ಗೋಡೆಗೆ ಗುದ್ದಿತು. ಇನ್ನೊಮ್ಮೆ ಜಗ್ಗಿದ. ಅಡುಗೆಭಟ್ಟ "ಅಯ್ಯಯ್ಯೋ!" ಎಂದ. ಪಾಯಸದ ಕೊಳಗ ಉರುಳಿತು. ಏನಾಯಿತೆಂದು ನೋಡಲು ಇಳಿದು ಬಂದ ದೊರೆ ಅದರಲ್ಲೇ ಜಾರಿ, ಕುಂಬಾರರು ತುಳಿದಿಟ್ಟ ಮಣ್ಣಿನೊಳಗೆ ಸೊಂಟದವರೆಗೆ ಕೂತ.

"ಭಾವ, ಈ ಎತ್ತುಗಳೇ ಸರಿಯಿಲ್ಲ," ಎಂದ ಸಿಂಗಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಬಾಯ್ಮುಚ್ಚು!" ದೊರೆಗೆ ಹಸಿವು ಬೇರೆ. "ಭರಮಯ್ಯ, ಇದನ್ನ ಹೊರಗೆ ತರೋರು ಯಾರೂ ಇಲ್ವಾ?"

"ಒಬ್ಬಳಿದಾಳೆ ಮಹಾಸ್ವಾಮಿ. ಆದ್ರೆ ಬಿಲ್ಲೆ ಇಲ್ಲ."

"ಬಿಲ್ಲೆಗೆ ಬೆಂಕಿ ಬೀಳ್ಲಿ! ಕರೆಸು!"

ಹೊನ್ನೂರವ್ವ ಬಂದಳು. ಒಮ್ಮೆ ಗಾಡಿ ನೋಡಿದಳು, ಒಮ್ಮೆ ಸಿಂಗಪ್ಪನನ್ನು ನೋಡಿದಳು. "ಬಾಲ ಕಟ್ಕೊಂಡು ಯಾರಾದ್ರೂ ಹಿಂದಕ್ಕೆ ಹೊಡೀತಾರಾ ಬುದ್ಧಿ? ಮೂವತ್ತು ವರ್ಷದಲ್ಲಿ ನಾನೊಂದಿನಾನೂ ಹೊಡೆದಿಲ್ಲ," ಎಂದವಳೇ ಬಗ್ಗಿ, ಕೊಂಡಿಯ ಗೂಟ ಕಿತ್ತಳು. ಹತ್ತು ಜನ ಸೇರಿ ಬಾಲಗಾಡಿಯನ್ನು ಬೀದಿಗೆ ನೂಕಿದರು. ಆಮೇಲೆ ಅವಳು ಎತ್ತುಗಳನ್ನು ಬಿಚ್ಚಿ, ಒಂದೊಂದಾಗಿ ಪಕ್ಕದಿಂದ ನುಸುಳಿಸಿ, ಗಾಡಿಯ ಹಿಂಬದಿಗೆ ಹಗ್ಗದಿಂದ ಕಟ್ಟಿ, "ಹೋಯ್!" ಅಂದಳು. ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮನೆಗಾಡಿ ಬೀದಿಯಲ್ಲಿತ್ತು.

ಮೈಯೆಲ್ಲ ಮಣ್ಣಾಗಿದ್ದ ದೊರೆ ತಲೆ ತಗ್ಗಿಸಿದ. "ಅವ್ವಾ, ನಿನ್ನ ಗಾಡಿ, ಗೊಂಬೆ ನಿನಗೆ ಸೇರ್ಬೇಕು. ನನ್ನ ಮನಸ್ಸಿಗೂ ಗೊತ್ತು. ಆದ್ರೆ ಆಜ್ಞೆ ಹೊರಟುಹೋಗಿದೆ. ಅದನ್ನ ಹಿಂದಕ್ಕೆ ತರೋದು ಹೇಗಯ್ಯಾ ಭರಮಯ್ಯ? ನಾನೂ ಯೋಚಿಸೇ ಯೋಚಿಸ್ತಿದೀನಿ, ಆಗ್ತಾನೇ ಇಲ್ಲ."

ಭರಮಯ್ಯ ಸಿಂಗಪ್ಪನನ್ನು ಅಡಿಯಿಂದ ಮುಡಿಯವರೆಗೂ ನೋಡಿದ.

"ಬಾಲ ಕಟ್ಕೊಂಡೇ ಹಿಂದಕ್ಕೆ ತರೋಕೆ ಹೋದ್ರೆ ಹೇಗಾಗುತ್ತೆ ಮಹಾಸ್ವಾಮಿ? ಮೊದಲು ಕೊಂಡಿ ಕಳಚಿ!"

ದೊರೆ ಒಮ್ಮೆ ಕೊಂಡಿಯನ್ನು ನೋಡಿದ, ಒಮ್ಮೆ ಸಿಂಗಪ್ಪನನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗುತ್ತಲೇ ಸಿಂಗಪ್ಪನ ಎದೆಯ ಬಿಲ್ಲೆಯನ್ನು ಕಿತ್ತು ಹೊನ್ನೂರವ್ವನ ಕೈಗಿಟ್ಟ. ಅವಳ ಗಾಡಿ, ಎತ್ತು, ಗೊಂಬೆ ಎಲ್ಲ ಅವತ್ತೇ ಅವಳ ಕೈ ಸೇರಿದವು. ಸಿಂಗಪ್ಪ ಮಾತ್ರ ಅರಮನೆಗೆ ನಡೆದುಕೊಂಡೇ ಹೋದ.