ಸಾಕು ಎಂದವಳ ಗುಡ್ಡ

ಇಟಲಿಯ ನಕ್ಷೆ ಬೂಟಿನಂತಿದೆ ಎಂದು ಎಲ್ಲರೂ ಶಾಲೆಯಲ್ಲಿ ಓದಿರುತ್ತಾರೆ. ಆ ಬೂಟಿನ ತುದಿಯಲ್ಲಿ, ಕಲಾಬ್ರಿಯಾದ ಕರಾವಳಿಯಲ್ಲಿ, ಬಸ್ತಾ ಎಂಬ ಒಂದು ಬೋಳುಗುಡ್ಡವಿದೆ. ಅದರ ಕೆಳಗೆ ಸಮುದ್ರಕ್ಕೆ ಅಂಟಿಕೊಂಡಂತೆ ಪೋರ್ತಾಲ್ಬ ಎಂಬ ಬೆಸ್ತರ ಪಟ್ಟಣ. ಗುಡ್ಡದ ಹಿಂದೆ, ಬೆಟ್ಟ ಕಡಿದಾಗಿ ಏಳುವಲ್ಲಿ, ಕುರಿಗಾಹಿಗಳ ಊರಾದ ರೊಕ್ಕಾಸ್ಪ್ರ. ಬೇಸಿಗೆ ಬಂತೆಂದರೆ ಬಸ್ಸುಗಟ್ಟಲೆ ಪ್ರವಾಸಿಗರು ಬಂದಿಳಿಯುತ್ತಾರೆ. ಬೆಳಿಗ್ಗೆ ಸಮುದ್ರಸ್ನಾನ, ಮಧ್ಯಾಹ್ನ ಆಲಿವ್ ಎಣ್ಣೆಯಲ್ಲಿ ಅದ್ದಿದ ರೊಟ್ಟಿ, ಆಮೇಲೆ ಹಳೆಯ ಚರ್ಚಿನ ಭಿತ್ತಿಚಿತ್ರ, ಸಂಜೆಗೆ ಬಸ್ತಾ ಗುಡ್ಡ. ಇಟಾಲಿಯನ್ ಭಾಷೆಯಲ್ಲಿ ಬಸ್ತಾ ಎಂದರೆ ‘ಸಾಕು’. ಗುಡ್ಡಕ್ಕೇಕೆ ಈ ಹೆಸರು ಎಂದು ಯಾರಾದರೂ ಕೇಳಿದರೆ, ಹತ್ತಿ ಹತ್ತಿ ಸುಸ್ತಾದವರು ಹಾಗೆ ಕೂಗಿಕೊಂಡರು ಎಂದು ಒಬ್ಬ ಗೈಡು ಹೇಳುತ್ತಾನೆ. ಇಲ್ಲಿನ ಸೌಂದರ್ಯ ಕಂಡು ಕಡಲ್ಗಳ್ಳನೊಬ್ಬ ‘ಇನ್ನು ನನಗೇನೂ ಬೇಡ, ಸಾಕು’ ಎಂದನಂತೆ ಎಂದು ಇನ್ನೊಬ್ಬ ಬುರುಡೆ ಬಿಡುತ್ತಾನೆ. ನಾನು ಹೊನ್ನಾವರದವನು. ಈ ಎರಡೂ ಊರುಗಳ ಚರ್ಚುಗಳಿಗೆ ಪಾದ್ರಿಯಾಗಿ ಬಂದು ಇಲ್ಲೇ ಕೂದಲು ಹಣ್ಣು ಮಾಡಿಕೊಂಡಿದ್ದೇನೆ. ಈ ಗೈಡುಗಳನ್ನು ತಿದ್ದಿ ತಿದ್ದಿ ನನ್ನ ಗಂಟಲು ಒಣಗಿದೆ. ಕಡಲ್ಗಳ್ಳನಂತೆ, ಸೌಂದರ್ಯವಂತೆ! ಆದದ್ದೇನೆಂದು ಚರ್ಚು ಗುಡಿಸುವ ರೊಸಾಲ್ಬಾ ಅಜ್ಜಿ ನನಗೆ ಹೇಳಿದ್ದಾಳೆ. ಹೇಳುವಾಗ, ಎಲ್ಲ ಮೊನ್ನೆ ಮೊನ್ನೆ ನಡೆದಂತೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಹಿಂದೆ ಒಮ್ಮೆ, ಈ ಕರಾವಳಿಗೆ ರಸ್ತೆಗಳೇ ಇಲ್ಲದಿದ್ದ ಕಾಲದಲ್ಲಿ, ಪೋರ್ತಾಲ್ಬದಲ್ಲಿ ಕತಾಲ್ದೊ ಎಂಬ ದೋಣಿಯ ಯಜಮಾನನಿದ್ದನಂತೆ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಅಸ್ಸುಂತಾ. ಚಳಿಗಾಲದಲ್ಲಿ ಬೆಟ್ಟದಲ್ಲಿ ಹಿಮ ಬಿದ್ದಾಗ ರೊಕ್ಕಾಸ್ಪ್ರದ ಕುರಿಗಾಹಿಗಳು ಮಂದೆಯನ್ನು ಸಮುದ್ರದ ಬದಿಯ ಹುಲ್ಲಿಗೆ ಇಳಿಸುತ್ತಿದ್ದರು, ವಸಂತದಲ್ಲಿ ಮತ್ತೆ ಮೇಲಕ್ಕೆ ಅಟ್ಟಿಕೊಂಡು ಹೋಗುತ್ತಿದ್ದರು. ಮೇಲಿನವರಿಗೆ ಕೆಳಗಿನ ಉಪ್ಪು ಬೇಕು, ಕೆಳಗಿನವರಿಗೆ ಮೇಲಿನ ಗಿಣ್ಣೂ ಉಣ್ಣೆಯೂ ಬೇಕು. ಆದರೆ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಹೀಗಿರುವಾಗ ಉಪ್ಪಿಗೆಂದು ಬಂದ ಬ್ರೂನೊ ಎಂಬ ಕುರಿಗಾಹಿ ಅಸ್ಸುಂತಾಳನ್ನು ಮೆಚ್ಚಿದ, ಅವಳೂ ಮೆಚ್ಚಿದಳು. ಹೇಗೋ ಎರಡೂ ಮನೆಯವರು ಒಪ್ಪಿದರು. ನಿಮ್ಮೂರಿಗೆ ನಾವು ಬರುವುದಿಲ್ಲ ಎಂದು ಎರಡೂ ಕಡೆಯವರು ಹಟ ಹಿಡಿದದ್ದರಿಂದ ಮದುವೆಯನ್ನು ನಡುವಿನ ಗುಡ್ಡದ ನೆತ್ತಿಯಲ್ಲಿ, ಅಲ್ಲಿದ್ದ ಮರದ ಶಿಲುಬೆಯ ಕೆಳಗೆ ಮಾಡುವುದೆಂದು ತೀರ್ಮಾನವಾಯಿತು. ಮಂದೆ ಬೆಟ್ಟ ಹತ್ತುವುದರೊಳಗೆ ಮದುವೆ ಮುಗಿಯಬೇಕು, ಮುಗಿಯದಿದ್ದರೆ ನಿಶ್ಚಯ ಮುರಿದಂತೆ, ಮತ್ತೆ ಆ ಹೆಣ್ಣನ್ನು ಕೇಳುವ ಹಾಗಿಲ್ಲ ಎಂಬುದು ಕುರಿಗಾಹಿಗಳ ಕಟ್ಟಳೆ. ಅಸ್ಸುಂತಾ ಬಯಸಿದ್ದು ಬಹಳವೇನಲ್ಲ. ಅವಳಿಗೆ ಬ್ರೂನೊ ಬೇಕಾಗಿತ್ತು, ಅಪ್ಪನೂ ಬೇಕಾಗಿತ್ತು.

ಇನ್ನು ಈ ಜನರ ಸಂತರ ವಿಷಯ ಹೇಳಬೇಕು. ಎರಡೂರ ನಡುವೆ ಮದುವೆಯಾದರೆ ಎರಡೂರ ಸಂತರು ಸಾಕ್ಷಿಯಾಗಿ ಬರಬೇಕು: ಕೆಳಗಿನಿಂದ ಸಂತ ನಿಕೊಲಾ, ಮೇಲಿನಿಂದ ಸಂತ ವಿಟೊ. ಆಳೆತ್ತರದ ಮರದ ಪ್ರತಿಮೆಗಳು. ಒಮ್ಮೆ ಹೆಗಲೇರಿದ ಸಂತ ತನ್ನ ಚರ್ಚಿಗೆ ಮರಳುವವರೆಗೆ ನೆಲ ಮುಟ್ಟುವಂತಿಲ್ಲ. ಇದರ ಮೇಲೆ ಇನ್ನೊಂದು ತಕರಾರು. ನೆತ್ತಿಗೆ ಮೊದಲು ತಲುಪಿದ ಸಂತ ಇನ್ನೊಬ್ಬನಿಗಾಗಿ ಕಾಯಬೇಕಾಗುತ್ತದೆ. ಕಾದವನು ಕಿರಿಯ, ಕಾಯಿಸಿದವನು ಹಿರಿಯ. ಆದ್ದರಿಂದ ಮದುವೆಯ ದಿನ ಎರಡೂ ಮೆರವಣಿಗೆಗಳು ಹಾಡುತ್ತ, ವಾದ್ಯ ಊದುತ್ತ ಗುಡ್ಡ ಹತ್ತಿದವು, ಇನ್ನೇನು ನೆತ್ತಿ ಬಂತು ಎನ್ನುವಾಗ ಆಚೆಯೊಂದು ಈಚೆಯೊಂದು ಗಕ್ಕನೆ ನಿಂತುಬಿಟ್ಟವು. ಬನ್ನಿ ಎಂದರು ಇವರು. ನೀವೇ ಬನ್ನಿ ಎಂದರು ಅವರು. ಬಿಸಿಲೇರಿತು. ಹೆಗಲು ಕಿತ್ತುಬರುತ್ತಿದ್ದರೂ ಹೊತ್ತವರು ಕೆಳಗಿಳಿಸುವಂತಿಲ್ಲ. ಹೆಗಲು ಬದಲಿಸಿದರು, ಜನ ಬದಲಾಯಿಸಿದರು, ಸಂತರನ್ನು ಮಾತ್ರ ಮುಂದಕ್ಕೆ ಒಯ್ಯಲಿಲ್ಲ. ಅಂದಿನ ಪಾದ್ರಿ ಆ ಕಡೆಗೂ ಈ ಕಡೆಗೂ ಓಡಾಡಿ ಏದುಸಿರು ಬಿಟ್ಟ. ಬೀಗರು ಕಾಫಿ ತಣ್ಣಗಿತ್ತೆಂದು ಮುನಿಸಿಕೊಂಡದ್ದನ್ನು ನಮ್ಮ ಕಡೆಯೂ ಕಂಡಿದ್ದೇನೆ. ಅಲ್ಲಿ ಇನ್ನೊಂದು ಲೋಟ ಬಿಸಿ ಕಾಫಿ ಬಂದರೆ ಮುನಿಸು ಇಳಿಯುತ್ತದೆ. ಇವರಿಗೆ ಏನು ಕೊಟ್ಟು ಸಮಾಧಾನ ಮಾಡುವುದು? ಆ ಪಾದ್ರಿಯ ಪಾಡನ್ನು ನೆನೆದರೆ ನನ್ನ ತಲೆಯೇ ಸಿಡಿಯುತ್ತದೆ.

“ಬಿರುಗಾಳಿಯಲ್ಲಿ ದೋಣಿ ಕಾದ ಸಂತ ನಮ್ಮವನು. ಕುರಿ ಮೇಯಿಸೋರ ಸಂತನಿಗೋಸ್ಕರ ಬಿಸಿಲಲ್ಲಿ ಕಾಯ್ತಾ ನಿಲ್ಲಬೇಕಾ?” ಎಂದು ಕತಾಲ್ದೊ ಗುಡುಗಿದನಂತೆ. ಹೀಗೆನ್ನುವಾಗ ಅವನು ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಕಾಯುತ್ತಲೇ ನಿಂತಿದ್ದ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. “ಹಾಗಾದ್ರೆ ಅಲ್ಲೇ ನಿಂತ್ಕೊಂಡು ಮೀನು ಹಿಡೀಲಿ ನಿಮ್ಮ ಸಂತ!” ಎಂದು ಆಚೆಯಿಂದ ಬ್ರೂನೊನ ತಾಯಿ ಫಿಲಿಪ್ಪಾ ಕೂಗಿದಳು. ಅಷ್ಟರಲ್ಲಿ ಕೆಳಗಿನ ಹುಲ್ಲಿನಿಂದ ಗಂಟೆಗಳ ಸದ್ದು ಕೇಳಿಸಿತು. ಮಂದೆ ಹೊರಟಿತ್ತು. ಬೆಟ್ಟದಲ್ಲಿ ಹುಲ್ಲು ಚಿಗುರಿದ ವಾಸನೆ ಹಿಡಿದ ಕುರಿಗಳನ್ನು ಯಾರು ತಡೆದಾರು? ಮಂದೆ ಹತ್ತತೊಡಗಿತು, ಇನ್ನು ಆಯಿತು, ಮನೆಗೆ ನಡೆಯಿರಿ ಎಂದು ಫಿಲಿಪ್ಪಾ ತಿರುಗಿದಳು. ಅಸ್ಸುಂತಾ ಅಪ್ಪನ ಕೈ ಹಿಡಿದುಕೊಂಡಳು. “ಅಪ್ಪಾ, ಒಂದೇ ಒಂದು ಹೆಜ್ಜೆ ಮುಂದೆ ಇಡು. ನನಗೋಸ್ಕರ.” “ನಿನಗೋಸ್ಕರಾನೇ ನಿಂತಿರೋದು ಮಗಳೇ,” ಎಂದ ಅವನು. “ಇವತ್ತು ನಾನು ಬಗ್ಗಿದ್ರೆ ನಾಳೆ ಆ ಮನೇಲಿ ನಿನ್ನ ಯಾರು ಕೇಳ್ತಾರೆ?” ಅವನ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು. ಮಗಳು ಅವನ ಕೈ ಬಿಟ್ಟಳು, ಒಬ್ಬಳೇ ನೆತ್ತಿಗೆ ಹೋಗಿ ನಿಂತಳು, ಎರಡೂ ಊರುಗಳಿಗೆ ಕೇಳುವಂತೆ “ಬಸ್ತಾ!” ಎಂದು ಕಿರುಚಿದಳು. ಊದುವವರು ಊದುವುದನ್ನು ನಿಲ್ಲಿಸಿದರು ಎನ್ನುತ್ತಾರೆ. ಆಚೆಯಿಂದ ಬ್ರೂನೊ ತಾಯಿಯನ್ನು ದಾಟಿ ಅವಳ ಬಳಿಗೆ ಬಂದ. ಸಂತರು ಇನ್ನೂ ಮೇಲಕ್ಕೆ ಬಂದಿಲ್ಲವಲ್ಲ ಎಂದು ಪಾದ್ರಿ ತಡವರಿಸಿದಾಗ ಅಸ್ಸುಂತಾ, “ನಮ್ಮೆಲ್ಲರಿಗಿಂತ ಎತ್ತರದಲ್ಲಿ, ಹೆಗಲ ಮೇಲೆ ಇದಾರಲ್ಲ ಫಾದರ್. ಅಲ್ಲಿಂದ ಅವರಿಗೆ ಕಾಣಿಸೋದಿಲ್ವಾ?” ಎಂದು ಕೇಳಿದಳು. ಪಾದ್ರಿಗೂ ಸಾಕಾಗಿತ್ತು. ಮಂದೆ ಬೆಟ್ಟ ಮುಟ್ಟುವ ಮೊದಲೇ ಮದುವೆ ಮಾಡಿಸಿಬಿಟ್ಟ.

ಫಿಲಿಪ್ಪಾ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕತಾಲ್ದೊ ತಾನು ನಿಂತಲ್ಲೇ ನೆಲಕ್ಕೆ ಕಾಲು ಕುಟ್ಟಿ, ನಾನು ಬರುವುದು ಇಲ್ಲಿಯವರೆಗೆ, ಇನ್ನು ಒಂದು ಹೆಜ್ಜೆಯೂ ಇಲ್ಲ ಎಂದ. ನಾನೂ ಇಲ್ಲಿಂದ ಇಳಿಯುವುದಿಲ್ಲ ಎಂದಳು ಮಗಳು. ಅಪ್ಪನಂಥದೇ ಹಟ. ಎರಡೂ ಊರು ಬೇಡವಾದ ಮೇಲೆ ಗಂಡಹೆಂಡಿರು ನೆತ್ತಿಯಲ್ಲೇ ಕಲ್ಲಿನ ಮನೆ ಕಟ್ಟಿಕೊಂಡರು. ಮೊದಲ ಮಗು ಹುಟ್ಟಿದ ಸುದ್ದಿ ಕೇಳಿ ಕತಾಲ್ದೊ ಗುಡ್ಡ ಹತ್ತಿ ಬಂದ, ಅಂದು ನಿಂತಿದ್ದ ಜಾಗದವರೆಗೆ ಬಂದು ನಿಂತುಕೊಂಡ. ಅವಳು ಹೊಸಿಲಲ್ಲಿ ನಿಂತಳು. ಅವನು ದಾಟಲಿಲ್ಲ, ಅವಳು ಇಳಿಯಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಬರುತ್ತಿದ್ದನಂತೆ. ಮಕ್ಕಳು ದೊಡ್ಡವಾದ ಮೇಲೆ ಈ ಕಡೆಯಿಂದ ಮೀನು, ಆ ಕಡೆಯಿಂದ ಗಿಣ್ಣು ಹಿಡಿದು ನಡುವೆ ಓಡಾಡಿಕೊಂಡಿದ್ದವು. ಅಯ್ಯೋ ಮಹರಾಯ, ನಾಲ್ಕು ಹೆಜ್ಜೆ ಹಾಕಬಾರದಿತ್ತೇ! ಹೋಗಲಿ, ಅವಳಾದರೂ ಇಳಿದು ಬರಬಾರದಿತ್ತೇ ಎಂದು ನಾನು ರೊಸಾಲ್ಬಾ ಅಜ್ಜಿಯ ಮೇಲೆ ರೇಗಿದೆ. “ಇಳಿದು ಬಂದಿದ್ರೆ ಅವನಿಗೆ ನಾಚಿಕೆ ಆಗ್ತಿತ್ತು ಫಾದರ್, ಆಮೇಲೆ ಬರೋದನ್ನೇ ಬಿಟ್ಟುಬಿಡ್ತಿದ್ದ,” ಎಂದು ಅಜ್ಜಿ ನನ್ನ ಮೇಲೆಯೇ ತಿರುಗಿ ರೇಗಿದಳು. “ಅವನು ಬರೋ ದಿನ ಅವಳು ಬಾಗಿಲು ಹಾಕ್ತಿರಲಿಲ್ಲ. ಗಾಳಿ ಇರಲಿ, ಹಿಮ ಬೀಳಲಿ, ತೆಗೆದೇ ಇಡ್ತಿದ್ದಳು. ಒಳಗೆ ಅಡುಗೆ ಮಾಡೋದು ಅವನಿಗೆ ಕಾಣೋ ಹಾಗೆ.”

ಆ ಮನೆಗೆ ಈಗ ಸೂರಿಲ್ಲ. ಗೋಡೆಗಳೂ ಬಾಗಿಲಿನ ಕಲ್ಲಿನ ಚೌಕಟ್ಟೂ ಉಳಿದಿವೆ. ಸಮುದ್ರದ ಕಡೆಯಿಂದ ಹತ್ತಿ ಬರುವವರು ನೆತ್ತಿಗೆ ಸ್ವಲ್ಪ ಕೆಳಗೆ ಒಂದು ಕಲ್ಲುಬೆಂಚನ್ನು ಕಾಣುತ್ತಾರೆ. ಮಂಡಿ ಸೋತ ಮೇಲೆ ಕತಾಲ್ದೊ ತಾನೇ ಕಲ್ಲು ಹೊತ್ತು ತಂದು ಕಟ್ಟಿಕೊಂಡದ್ದು. ಅದರ ಬೆನ್ನು ಸಮುದ್ರದ ಕಡೆಗಿದೆ. ಇಷ್ಟು ಚೆಂದದ ಕಡಲನ್ನು ಹಿಂದಿಟ್ಟುಕೊಂಡು ಯಾವ ಮೂರ್ಖ ಬೆಂಚು ಕಟ್ಟಿದ ಎಂದು ಪ್ರವಾಸಿಗರು ದೂರುತ್ತಾರೆ. ಗಾರೆಯವನು ಕುಡಿದಿದ್ದ ಎಂದು ಗೈಡು ಹೇಳಿದರೆ ಎಲ್ಲರೂ ನಗುತ್ತಾರೆ, ಕತ್ತು ಹೊರಳಿಸಿ ಕಡಲಿನ ಫೋಟೊ ತೆಗೆದುಕೊಳ್ಳುತ್ತಾರೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಒಬ್ಬರಾದರೂ ನೆಟ್ಟಗೆ ಕೂತು ಎದುರಿಗೆ ನೋಡಬಾರದೇ? ಬಾಗಿಲು ಅಲ್ಲೇ ಇದೆ. ಒಳಗೆ ಒಲೆಯ ಮೇಲೆ ಪಾತ್ರೆ ಇಟ್ಟರೆ ಸದ್ದು ಕೇಳಿಸುವಷ್ಟು ಹತ್ತಿರ.